ಕೊರಮೀನಿಗೆ ಹವಾಯಿ ಚಪ್ಪಲಿಯ ಕಪ್ಪೆ

ಕೃಷಿಹೊಂಡಕ್ಕೆ 500 ಮೀನಿನ ಮರಿ ಬಿಟ್ಟು 58 ಮೀನು ಹಿಡಿದ ರೈತ ನಾನು. ಉಳಿದ 442 ಎಲ್ಲಿಗೆ ಹೋದವು ಅಂತ ತಿಳಿಯುವುದಕ್ಕೆ ಒಂದು ತಿಂಗಳು ಬೇಕಾಯ್ತು. ಅವನ್ನು ತಿಂದ ಕಳ್ಳರನ್ನು ಹಿಡಿಯುವುದಕ್ಕೆ ಇನ್ನೂ ಮೂರು ತಿಂಗಳು. ಹಿಡಿದದ್ದು ಬಲೆಯಿಂದ ಅಲ್ಲ, ಗಾಳದಿಂದ. ಆ ಗಾಳದ ವಿದ್ಯೆಯನ್ನು ಬರೆಯೋಣ ಅಂತ ಕೂತೆ. ಅದು ಕೈಗೆ ಹತ್ತಿದ ಮೇಲೆ ನಾನೇ ಮಾಡಿದ ಒಂದು ತಪ್ಪನ್ನೂ ಬರೆಯದಿದ್ದರೆ ಬರೆದದ್ದು ಅರ್ಧ ಆಗುತ್ತದೆ.

ನಮ್ಮದು ಶಿರಾ ತಾಲ್ಲೂಕು. ಕೆಂಪು ಮಣ್ಣಿನ 4 ಎಕರೆ ಹೊಲ. ಕಡ್ಲೆಕಾಯಿ, ರಾಗಿ, ಅಕ್ಕಡಿ ಸಾಲಿಗೆ ತೊಗರಿ, ಅವರೆ. ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆ ಹೊಂಡಗಳು ಹೆಚ್ಚಾದವು. ನನ್ನದು 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದೆ. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಒಂದು ನೀರು ಕೊಡಬೇಕು, ಬೇಸಿಗೆಯಲ್ಲಿ 10 ಗುಂಟೆ ಬದನೆ, ಮೆಣಸಿನಕಾಯಿ ಉಳಿಸಿಕೊಳ್ಳಬೇಕು. ಹೊಂಡ ಇರುವುದು ಇದಕ್ಕೆ. ಮೀನು ಅದರ ಮೇಲಿನ ಲಾಭ.

2022ರಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸುರಿದ ಮಳೆ ನಿಮಗೂ ನೆನಪಿರಬಹುದು. ಎಷ್ಟೋ ವರ್ಷ ಕೋಡಿ ಬೀಳದ ಕೆರೆಗಳೂ ಕೋಡಿ ಬಿದ್ದವು. ಜುಲೈ ಕೊನೆಯಲ್ಲೇ ನಾನು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸೇರಿಸಿ 500 ಮರಿ ಬಿಟ್ಟಿದ್ದೆ. ಹೊಂಡವೂ ತುಂಬಿ ಹೆಚ್ಚಿನ ನೀರು ಕಾಲುವೆಯಲ್ಲಿ ಹರಿದು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಹೋಯ್ತು. ಮೀನು ಕೊಚ್ಚಿಹೋಗದ ಹಾಗೆ ಕಾಲುವೆಯ ಬಾಯಿಗೆ ತಡಿಕೆ ಇಟ್ಟಿದ್ದೆ. ಒಳಗಿನದು ಹೊರಗೆ ಹೋಗಬಾರದು ಅಂತ ಯೋಚಿಸಿದೆನೇ ಹೊರತು, ಹೊರಗಿನದು ಒಳಗೆ ಬರಬಹುದು ಅಂತ ಹೊಳೆಯಲಿಲ್ಲ.

2023ರ ಜನವರಿಯಲ್ಲಿ ಬಲೆ ಎಳೆಸಿದೆ. 58 ಮೀನು. ಒಂದೊಂದೂ ಅರ್ಧ, ಮುಕ್ಕಾಲು ಕಿಲೋ ತೂಗುವ ಒಳ್ಳೇ ಮೀನೇ. ಆದರೆ 58. ಕಳ್ಳತನ ಆಗಿದೆ ಅಂತ ಪಕ್ಕದ ಹೊಲದವನ ಮೇಲೆ ಅನುಮಾನ ಪಟ್ಟು ಹದಿನೈದು ದಿನ ಮಾತು ಬಿಟ್ಟೆ. ಪಾಪ, ಅವನಿಗೆ ಇವತ್ತಿಗೂ ಯಾಕೆ ಅಂತ ಗೊತ್ತಿಲ್ಲ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಹೊಂಡದ ದಡದಲ್ಲಿ ಕೂತು ಬೀಡಿ ಹಚ್ಚಿದ್ದೆ. ನೀರಿನ ಮೇಲೆ 'ಗುಳುಂ' ಅಂತ ಒಂದು ಸದ್ದು. ಉಂಗುರದ ಹಾಗೆ ಅಲೆ ಎದ್ದು ಒಂದೆರಡು ಗುಳ್ಳೆ ಬಿಟ್ಟು ಸುಮ್ಮನಾಯ್ತು. ಸ್ವಲ್ಪ ಹೊತ್ತಿಗೆ ಆ ಮೂಲೆಯಲ್ಲಿ ಇನ್ನೊಂದು. ಕಾಟ್ಲಾ ಹಾಗೆ ಮಾಡುವುದಿಲ್ಲ. ಚಿಕ್ಕಂದಿನಿಂದ ಕೆರೆ ದಡದಲ್ಲಿ ದನ ಮೇಯಿಸಿದವನಿಗೆ ಆ ಸದ್ದು ಗೊತ್ತಾಗದೆ ಇರುತ್ತದೆಯೇ? ಅದು ಕೊರಮೀನು. ಕೆಲವು ಕಡೆ ಕುಚ್ಚು ಅಂತಾರೆ, ಪೇಟೆಯಲ್ಲಿ ಮರಲ್ ಅಂತಾರೆ. ಹಾವಿನ ತಲೆ, ಉರುಟು ಮೈ, ಬಾಯಿ ತುಂಬ ಹಲ್ಲು.

ಕೊರಮೀನಿಗೆ ಕಿವಿರು ಒಂದೇ ಸಾಲುವುದಿಲ್ಲ. ತಲೆಯೊಳಗೆ ಗಾಳಿ ಹಿಡಿಯುವ ಗೂಡು ಇದೆ. ಆಗಾಗ ಮೇಲೆ ಬಂದು ಗಾಳಿ ನುಂಗಲೇಬೇಕು. ನುಂಗದ ಹಾಗೆ ತಡೆದರೆ ನೀರಿನಲ್ಲೇ ಉಸಿರು ಕಟ್ಟಿ ಸಾಯುತ್ತದೆ. ಈ ಗೂಡಿನ ಬಲದಿಂದಲೇ ಅದು ಕೆರೆ ಒಣಗಿದರೂ ಹಸಿ ಕೆಸರಿನಲ್ಲಿ ಬದುಕುವುದು, ಮಳೆ ಬಂದಾಗ ಗೇಣು ನೀರಿನಲ್ಲಿ, ಒದ್ದೆ ಹುಲ್ಲಿನ ಮೇಲೆ ತೆವಳಿಕೊಂಡು ಹರಿವಿಗೆ ಎದುರಾಗಿ ಏರುವುದು. ನನ್ನ ಹೊಂಡಕ್ಕೆ ಬಂದದ್ದೂ ಹೀಗೇ. ಕೆರೆ ಕೋಡಿ ಬಿದ್ದಾಗ ಹಳ್ಳ ಹಿಡಿದು, ಕಾಲುವೆ ಹತ್ತಿ, ತಡಿಕೆ ದಾಟಿ ಬಂದು ಕೂತಿವೆ. ಬೆರಳುದ್ದದ ನನ್ನ ಮರಿಗಳು ಅವಕ್ಕೆ ದಿನಾ ಬಿಸಿಯೂಟ.

ಬಲೆಗೆ ಯಾಕೆ ಬರಲಿಲ್ಲ? ಬಲೆ ಬರುವಾಗ ಕೊರಮೀನು ತಳದ ಹೂಳಿಗೆ ಮುಖ ತೂರಿಸಿ ಮಲಗುತ್ತದೆ, ಬಲೆ ಮೇಲೆ ಹಾದುಹೋಗುತ್ತದೆ. ಇಲ್ಲವೆ ಬಲೆಯ ಮೇಲಿಂದ ಹಾರುತ್ತದೆ. ಹೊಂಡ ಖಾಲಿ ಮಾಡಿದರೆ ಸಿಗುತ್ತವೆ ನಿಜ. ಆದರೆ ಫೆಬ್ರವರಿಯಲ್ಲಿ ಹೊಂಡ ಖಾಲಿ ಮಾಡಿ ಬದನೆಗೆ ಏನು ಹಾಕಲಿ, ಕಣ್ಣೀರೇ? ಉಳಿದದ್ದು ಗಾಳ ಒಂದೇ.

ಬೆಂಗಳೂರಿನ ಹುಡುಗರ ರಬ್ಬರ್ ಕಪ್ಪೆ

ಗಾಳ ನನಗೆ ಹೊಸದಲ್ಲ. ಬಿದಿರು ಗಳ, ತಂಗೂಸಿ ದಾರ, ಜೋಳದ ದಂಟಿನ ಬೆಂಡು, ಎರೆಹುಳ. ಹತ್ತು ದಿನ ಕೂತೆ. ಬಿದ್ದದ್ದು ನನ್ನದೇ ಗೆಂಡೆ ಎರಡು. ಕೊರಮೀನು ಹುಳಕ್ಕೂ ಬರುತ್ತದೆ, ಆದರೆ ಹೊಟ್ಟೆ ತುಂಬಿದ ದೊಡ್ಡ ಮೀನು ಅದನ್ನು ಮೂಸಿಯೂ ನೋಡಲಿಲ್ಲ. ನಮ್ಮ ಕಾಲದಲ್ಲಿ ಬದುಕಿದ ಕಪ್ಪೆಯ ಬೆನ್ನಿಗೆ ಗಾಳ ಚುಚ್ಚಿ ಬಿಡುತ್ತಿದ್ದೆವು. ಅದು ಕೆಲಸ ಮಾಡುತ್ತದೆ. ಆದರೆ ಈ ವಯಸ್ಸಿನಲ್ಲಿ ಮನಸ್ಸು ಒಪ್ಪಲಿಲ್ಲ. ಹೊಲದ ಹುಳ ತಿನ್ನುವ ಜೀವವನ್ನು ಹಿಡಿದು ಚುಚ್ಚುವುದು ಯಾವ ಬುದ್ಧಿ?

ಹೆದ್ದಾರಿ ಹತ್ತಿರವೇ ಇರುವುದರಿಂದ ನಮ್ಮ ಕೆರೆಗೆ ಭಾನುವಾರ ಬೆಂಗಳೂರಿನ ಹುಡುಗರು ಕಾರಿನಲ್ಲಿ ಬರುತ್ತಾರೆ. ಕೈಯಲ್ಲಿ ಏಳಡಿ ಫೈಬರ್ ಕೋಲು, ಅದಕ್ಕೆ ರೀಲು. ಮೀನು ಹಿಡಿದು ಫೋಟೋ ತೆಗೆದು ವಾಪಸು ನೀರಿಗೆ ಬಿಡುತ್ತಾರೆ. ಊರಿನವರು ನಗುತ್ತಾರೆ, ನಾನೂ ನಕ್ಕಿದ್ದೆ. ಆವತ್ತು ಮಾತ್ರ ಹತ್ತಿರ ಹೋಗಿ, "ಏನಪ್ಪಾ, ಯಾವ ಎರೆ ಹಾಕ್ತೀರಿ?" ಅಂದೆ. ಒಬ್ಬ ಹುಡುಗ ಪೆಟ್ಟಿಗೆ ತೆರೆದು ತೋರಿಸಿದ. ಒಳಗೆ ಹತ್ತಾರು ಬಣ್ಣದ ರಬ್ಬರ್ ಕಪ್ಪೆ, ತಗಡಿನ ಚಮಚ, ಮರದ ಮೀನು. "ಅಂಕಲ್, ಇವಕ್ಕೆ ಲೂರ್ ಅಂತಾರೆ. ಈ ಕಪ್ಪೆ ಇದೆಯಲ್ಲ, ಇದು ಅಮೆರಿಕದಲ್ಲಿ ಬಾಸ್ ಮೀನಿಗೆ ಅಂತ ಬಂದದ್ದು. ನಮ್ಮ ಕೊರಮೀನೂ ಬಾಸ್ ತರಾನೇ, ಗಿಡದ ಮರೆಯಲ್ಲಿ ಹೊಂಚು ಹಾಕುತ್ತೆ" ಅಂದ. ನಾನು ಅದನ್ನು ಹುಸಿ ಎರೆ ಅಂತ ಕರೆಯುತ್ತೇನೆ.

ಈ ಬಾಸ್ ಬಗ್ಗೆ ಆಮೇಲೆ ನನ್ನ ಮಗಳು ಓದಿ ಹೇಳಿದಳು. ಅಮೆರಿಕದ ರೈತರು ತಮ್ಮ ಹೊಂಡಕ್ಕೆ ಈ ಬೇಟೆ ಮೀನನ್ನು ಬೇಕೆಂದೇ ಬಿಡುತ್ತಾರಂತೆ. ಅಲಬಾಮ ರಾಜ್ಯದ ಆಬರ್ನ್‌ನಲ್ಲಿ ಹೋಮರ್ ಸ್ವಿಂಗಲ್ ಎಂಬ ಮೇಷ್ಟರು 1930ರ ದಶಕದಿಂದ ಇದರ ಮೇಲೆ ಕೆಲಸ ಮಾಡಿ, ಬಾಸ್ ಜತೆ ಬ್ಲೂಗಿಲ್ ಎಂಬ ಸಣ್ಣ ಮೀನನ್ನು ಯಾವ ಲೆಕ್ಕದಲ್ಲಿ ಬಿಡಬೇಕು ಅಂತ ತೋರಿಸಿದರು. ಕೇಳಿ ನನಗೆ ತಲೆ ಕೆಟ್ಟಿತು. ನನ್ನನ್ನು ಮುಳುಗಿಸಿದ್ದನ್ನು ಅವರು ಸಾಕುತ್ತಾರಲ್ಲ! ಆಮೇಲೆ ಅರ್ಥವಾಯ್ತು. ಬ್ಲೂಗಿಲ್ ಹೊಂಡದಲ್ಲೇ ಮರಿ ಹಾಕಿ ಹಾಕಿ ತುಂಬಿಹೋಗುತ್ತದೆ. ಬಾಸ್ ಅದನ್ನು ತಿಂದು ಹತೋಟಿಯಲ್ಲಿ ಇಡುತ್ತದೆ, ರೈತ ಎರಡನ್ನೂ ಗಾಳದಲ್ಲಿ ಹಿಡಿದು ತಿನ್ನುತ್ತಾನೆ. ನಮ್ಮ ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಹಾಕುವುದಿಲ್ಲ. ಬಿಟ್ಟದ್ದು 500 ಆದರೆ 500 ಅಷ್ಟೇ. ಅಲ್ಲಿ ಬೇಟೆ ಮೀನು ತಿನ್ನುವುದು ಬಡ್ಡಿಯನ್ನು, ಇಲ್ಲಿ ಅಸಲನ್ನು.

ಹುಸಿ ಎರೆ ನಮ್ಮ ಕಡೆಗೆ ತೀರಾ ಹೊಸದೂ ಅಲ್ಲ. ಗಾಳದ ಹುಚ್ಚು ಇದ್ದ ಹೆನ್ರಿ ಸಲಿವನ್ ಥಾಮಸ್ ಅಂತ ಒಬ್ಬ ಇಂಗ್ಲಿಷ್ ಅಧಿಕಾರಿ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ. ಭಾರತದಲ್ಲಿ ಗಾಳ ಹಾಕುವ ಬಗ್ಗೆಯೇ 1873ರಲ್ಲಿ ಪುಸ್ತಕ ಬರೆದ, ಅದು ಮಂಗಳೂರಿನಲ್ಲೇ ಅಚ್ಚಾಯ್ತು. ಇದನ್ನೂ ಆ ಹುಡುಗರೇ ಹೇಳಿದ್ದು.

ಚಪ್ಪಲಿಯಿಂದ ಕಪ್ಪೆ ಮಾಡುವುದು

ಅಂಗಡಿಯ ರಬ್ಬರ್ ಕಪ್ಪೆಗೆ ಆಗ ನನಗೆ ಹೇಳಿದ ಬೆಲೆ 280 ರೂಪಾಯಿ. ಒಂದು ಕೊಂಡೆ. ಎರಡನೇ ದಿನ ಜಾಲಿ ಮರಕ್ಕೆ ಸಿಕ್ಕಿಕೊಂಡು ದಾರ ಹರಿಯಿತು. ಮುಳ್ಳಿನ ನಡುವೆ ಅದು ಈಗಲೂ ನೇತಾಡುತ್ತಿದೆ. ಹೋಗುವುದಕ್ಕೆ ಮುಂಚೆ ಚೆನ್ನಾಗಿ ನೋಡಿಟ್ಟುಕೊಂಡಿದ್ದೆನಾದ್ದರಿಂದ ಹಳೇ ಹವಾಯಿ ಚಪ್ಪಲಿಯಲ್ಲಿ ಒಂದು ಮಾಡಿದೆ.

ಚಪ್ಪಲಿಯ ಹಿಮ್ಮಡಿ ಸವೆದಿರುತ್ತದೆ, ಬೇಡ. ನಡುಭಾಗದಲ್ಲಿ 2 ಅಂಗುಲ ಉದ್ದ, 1 ಅಂಗುಲ ಅಗಲ ಕತ್ತರಿಸಿ. ಮುಂಭಾಗವನ್ನು ಕಲ್ಲಿಗೆ ಉಜ್ಜಿ ಕೊಕ್ಕಿನ ಹಾಗೆ ಚೂಪು ಮಾಡಿ, ಮೊಂಡಾಗಿದ್ದರೆ ಅಂತರಗಂಗೆಗೆ ತೊಡರುತ್ತದೆ. ಸೈಕಲ್ ಕಡ್ಡಿ ಕಾಯಿಸಿ ಮೂತಿಯಿಂದ ಬಾಲದವರೆಗೆ ಉದ್ದಕ್ಕೆ ತೂತು ಹೊಡೆದು ತುಕ್ಕು ಹಿಡಿಯದ ತಂತಿ ತೂರಿಸಿ. ತಂತಿಯ ಮುಂದಿನ ತುದಿಗೆ ಒಂದು ಕುಣಿಕೆ, ಅದು ದಾರಕ್ಕೆ. ಹಿಂದಿನ ಕುಣಿಕೆಗೆ ಎರಡು ಗಾಳ.

ಇಡೀ ಗುಟ್ಟು ಈ ಎರಡು ಗಾಳದಲ್ಲಿದೆ. ಮೊನೆ ಎರಡೂ ಮೇಲ್ಮುಖವಾಗಿ, ಕಪ್ಪೆಯ ಬೆನ್ನಿಗೆ ಎಡಕ್ಕೊಂದು ಬಲಕ್ಕೊಂದು ಅಂಟಿದ ಹಾಗೆ ಕೂರಬೇಕು. ಬೆನ್ನಿನ ಮೇಲೆ ಬೆರಳಾಡಿಸಿದರೆ ಮೊನೆ ತಾಗಬಾರದು. ಹೀಗಿದ್ದರೆ ಆಪು, ಜೊಂಡು, ತಾವರೆ ಎಲೆ ಯಾವುದರ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ಮೆತ್ತನೆ ರಬ್ಬರ್ ಅದುಮಿಕೊಂಡು ಮೊನೆ ಹೊರಗೆ ಬರುತ್ತದೆ. ಗಟ್ಟಿ ರಬ್ಬರಿನ ಚಪ್ಪಲಿ ಅದಕ್ಕೇ ಆಗುವುದಿಲ್ಲ. ಹೊಟ್ಟೆಯ ಹಿಂಭಾಗಕ್ಕೆ ಸೀಳು ಮಾಡಿ ಬಲೆಗೆ ಕಟ್ಟುವ ಸೀಸದ ಗುಂಡು ಒಂದನ್ನು ತುರುಕಿ. ಆಗ ಕಪ್ಪೆ ಮಗುಚುವುದಿಲ್ಲ, ಮೂತಿ ಮೇಲೆತ್ತಿ ನಿಜವಾದ ಕಪ್ಪೆ ಹಾಗೆ ತೇಲುತ್ತದೆ. ಕಾಲಿಗೆ ಸೈಕಲ್ ಟ್ಯೂಬಿನ ಎರಡು ಪಟ್ಟಿ. ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೀನು ನೋಡುವುದು ಕೆಳಗಿನಿಂದ, ಅದಕ್ಕೆ ಕಾಣುವುದು ಆಕಾಶದ ಎದುರಿಗೆ ಒಂದು ಕಪ್ಪು ನೆರಳು. ನನ್ನದು ನೀಲಿ ಚಪ್ಪಲಿ, ಹೊಟ್ಟೆಗೆ ಮಸಿ ಬಳಿದೆ. ಖರ್ಚು ಎರಡು ಗಾಳದ 15 ರೂಪಾಯಿ.

ಕೋಲು ಮತ್ತು ರೀಲು ಸೇರಿ 1,400 ರೂಪಾಯಿಗೆ ತಂದೆ. ಮನೆಯಲ್ಲಿ ಬೈಸಿಕೊಂಡೆ. ಬಿದಿರು ಗಳದಿಂದಲೂ ಆಗುತ್ತದೆ, ಆದರೆ ದೂರ ಎಸೆಯಲಾಗದು. ಹೊಂಡದ ದಡದಲ್ಲಿ ನಿಂತು ಗಳ ಚಾಚಿದರೆ ನಿಮ್ಮ ನೆರಳೇ ಮೀನನ್ನು ಓಡಿಸುತ್ತದೆ. ದಾರ ಮಾತ್ರ ತಂಗೂಸಿ ಬೇಡ, ಹೆಣೆದ ದಾರ ತನ್ನಿ. ತಂಗೂಸಿ ಹಿಗ್ಗುತ್ತದೆ. ಕೊರಮೀನಿನ ದವಡೆ ಬರೀ ಎಲುಬು, ಹಿಗ್ಗುವ ದಾರದಲ್ಲಿ ಎಳೆದರೆ ಮೊನೆ ಇಳಿಯುವುದಿಲ್ಲ. ಮೊದಲ ಮೂರು ಮೀನು ನನಗೆ ತಪ್ಪಿದ್ದು ಹೀಗೆ.

ಎಸೆಯುವುದು, ಕಾಯುವುದು, ಎಳೆಯುವುದು

ಹೊತ್ತು ಹುಟ್ಟುವಾಗಿನಿಂದ ಎಂಟೂವರೆವರೆಗೆ, ಸಂಜೆ ಐದರಿಂದ ಕತ್ತಲೆವರೆಗೆ. ನಡು ಹಗಲಲ್ಲಿ ಮೈ ಸುಡುತ್ತದೆ, ಅಷ್ಟೇ. ಮೊದಲು ಎಸೆಯದೆ ಅರ್ಧ ಗಂಟೆ ಸುಮ್ಮನೆ ಕೂತು ನೋಡಿ. ಎಲ್ಲಿ ಗುಳುಂ ಅನ್ನುತ್ತದೆ, ಎಷ್ಟು ಹೊತ್ತಿಗೊಮ್ಮೆ, ಯಾವ ಕಡೆಗೆ ಅಲೆ ಸರಿಯಿತು. ದಡದ ಮೇಲೆ ದಪದಪ ನಡೆಯಬೇಡಿ. ಹೆಜ್ಜೆಯ ಅದುರು ನೀರಿಗೆ ತಿಳಿಯುತ್ತದೆ. ನನ್ನ ಮೊಮ್ಮಗನನ್ನು ಜತೆಗೆ ಕರೆದುಕೊಂಡು ಹೋದ ದಿನ ಒಂದೂ ಬಿದ್ದಿಲ್ಲ.

ಮೀನಿನ ತಲೆ ಮೇಲೆ ಕಪ್ಪೆ ಬೀಳಿಸಬಾರದು. ಗುಳ್ಳೆ ಎದ್ದ ಜಾಗದಿಂದ ನಾಲ್ಕೈದು ಅಡಿ ಆಚೆಗೆ ಎಸೆಯಿರಿ. ಬಿದ್ದ ಕೂಡಲೇ ಎಳೆಯದೆ ಅಲೆ ಮಾಯುವ ತನಕ ಬಿಡಿ. ಆಮೇಲೆ ಕೋಲಿನ ತುದಿ ಕುಲುಕಿ, ಗೇಣು ಗೇಣಾಗಿ ಎರಡು ಮೂರು ಕುಪ್ಪಳಿಕೆ, ಒಂದು ನಿಲುಗಡೆ. ಮತ್ತೆ ಎರಡು ಕುಪ್ಪಳಿಕೆ. ನಿಲ್ಲಿಸಿದಾಗಲೇ ಹೆಚ್ಚು ಬೀಳುವುದು. ಗಿಡದ ನಡುವೆ ತಟ್ಟೆಯಷ್ಟು ಬಯಲು ನೀರು ಕಂಡರೆ ಅಲ್ಲಿ ಕಪ್ಪೆಯನ್ನು ಇನ್ನೂ ಹೆಚ್ಚು ಹೊತ್ತು ನಿಲ್ಲಿಸಿ.

ಮೀನು ಹೊಡೆಯುವುದು ಬಾಂಬ್ ಬಿದ್ದ ಹಾಗೆ. ಎದೆ ಧಸಕ್ ಅನ್ನುತ್ತದೆ, ಕೈ ತಾನಾಗಿಯೇ ಎಳೆದುಬಿಡುತ್ತದೆ. ಹೊಸಬರು ಕೆಡುವುದು ಇಲ್ಲೇ. ಆ ಹೊತ್ತಿಗೆ ಕಪ್ಪೆ ಇನ್ನೂ ತುಟಿಯಲ್ಲಿರುತ್ತದೆ, ಎಳೆದರೆ ಕಪ್ಪೆ ಹಾರಿ ನಿಮ್ಮ ಮುಖಕ್ಕೆ ಬರುತ್ತದೆ. 'ಒಂದು, ಎರಡು, ಮೂರು' ಅಂತ ನಿಧಾನ ಎಣಿಸಿ. ಮೀನು ಕಪ್ಪೆ ಕಚ್ಚಿಕೊಂಡು ಕೆಳಮುಖವಾಗಿ ತಿರುಗುತ್ತದೆ, ದಾರ ಬಿಗಿಯಾಗುತ್ತದೆ. ಆಗ ಎರಡೂ ಕೈಯಲ್ಲಿ ಗಟ್ಟಿಯಾಗಿ ಸೆಳೆಯಿರಿ. ಸೆಳೆದ ಮೇಲೆ ಆಟ ಆಡಿಸಬೇಡಿ, ಕೋಲು ಎತ್ತಿ ಹಿಡಿದು ದಡಕ್ಕೆ ತನ್ನಿ. ಸಡಿಲ ಬಿಟ್ಟರೆ ಜೊಂಡಿನ ಬುಡಕ್ಕೆ ಸುತ್ತಿಕೊಳ್ಳುತ್ತದೆ.

ದಡಕ್ಕೆ ಬಂದ ಮೀನಿನ ಬಾಯಿಗೆ ಬೆರಳು ಹಾಕಬಾರದು. ಒದ್ದೆ ಗೋಣಿಯಲ್ಲಿ ಅಮುಕಿ ಹಿಡಿದು ಇಕ್ಕಳದಲ್ಲಿ ಗಾಳ ತೆಗೆಯಿರಿ. ನಾನು ಇಕ್ಕಳ ಮರೆತು ಹೋದ ದಿನ ಮೀನು ಒದ್ದುಕೊಂಡು ಎರಡನೇ ಗಾಳ ನನ್ನ ಹೆಬ್ಬೆರಳಿಗೆ ಇಳಿಯಿತು. ಒಂದು ತುದಿಯಲ್ಲಿ ಮೀನು, ಒಂದು ತುದಿಯಲ್ಲಿ ನಾನು, ಯಾರು ಯಾರನ್ನು ಹಿಡಿದರೋ ಗೊತ್ತಾಗದ ಸ್ಥಿತಿ. ಗಾಳದ ಹಿಮ್ಮುಖದ ಮುಳ್ಳು ಒಳಗೆ ಹೋದ ಮೇಲೆ ಎಳೆದು ಕೀಳಲು ಹೋಗಬೇಡಿ, ಮಾಂಸ ಕಿತ್ತು ಬರುತ್ತದೆ. ಡಾಕ್ಟರ ಹತ್ತಿರ ಹೋಗಿ ತೆಗೆಸಿ, ಧನುರ್ವಾಯು ಇಂಜೆಕ್ಷನ್ ಹಾಕಿಸಿಕೊಳ್ಳಿ. ಅಂದಿನಿಂದ ನಾನು ಆ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಅದುಮಿ ಚಪ್ಪಟೆ ಮಾಡಿಯೇ ಬಳಸುವುದು. ದಾರ ಬಿಗಿಯಾಗಿಟ್ಟರೆ ಮೀನೇನೂ ತಪ್ಪಿಸಿಕೊಳ್ಳುವುದಿಲ್ಲ. ತುಂಡಾದ ದಾರವನ್ನು ಮಾತ್ರ ದಡದಲ್ಲಿ ಬಿಸಾಡಬೇಡಿ. ನಮ್ಮೂರಲ್ಲಿ ಒಂದು ಕೊಕ್ಕರೆ ಕಾಲಿಗೆ ದಾರ ಸುತ್ತಿಕೊಂಡು ಸತ್ತಿತು, ಒಂದು ಮೇಕೆ ಹುಲ್ಲಿನ ಜತೆ ನುಂಗಿತ್ತು.

ಮಾರ್ಚ್‌ನಿಂದ ಮೇ ಕೊನೆಯವರೆಗೆ ನನ್ನ ಹೊಂಡದಲ್ಲಿ 11 ಕೊರಮೀನು ಸಿಕ್ಕವು. ಕೊನೆಯದು 1 ಕಿಲೋ 700 ಗ್ರಾಂ. ಒದ್ದೆ ಗೋಣಿಯಲ್ಲಿ ಸುತ್ತಿ ಸಂತೆಗೆ ಒಯ್ದರೆ ಗಂಟೆಗಟ್ಟಲೆ ಬದುಕಿರುತ್ತದೆ, ಬದುಕಿದ್ದರೆ ರೇಟು. ಕಾಟ್ಲಾ ಕಿಲೋಗೆ 140 ಇದ್ದಾಗ ಇದಕ್ಕೆ 350 ಕೊಟ್ಟರು. ಮರಿಗಳ ನಷ್ಟ ತುಂಬಲಿಲ್ಲ, ಕೋಲಿನ ದುಡ್ಡು ಹುಟ್ಟಿತು, ಮನೆಯಲ್ಲಿ ಬೈಗುಳ ನಿಂತಿತು.

2023ರಲ್ಲಿ ಬರ, ಹೊಂಡ ತುಂಬಲೇ ಇಲ್ಲ. 2024ರಲ್ಲಿ ಮತ್ತೆ ಮರಿ ಬಿಡುವಾಗ ಎರಡು ಬದಲಾವಣೆ ಮಾಡಿದೆ. ಕಾಲುವೆಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ, ಜತೆಗೆ ಆ ಬದಿಯ ದಡದುದ್ದಕ್ಕೂ ಎರಡಡಿ ಎತ್ತರ ನೆರಳುಬಲೆ ಬಿಗಿದು ಬುಡಕ್ಕೆ ಮಣ್ಣು ಕೊಟ್ಟೆ. ಕೊರಮೀನು ನೀರಿನಲ್ಲಷ್ಟೇ ಅಲ್ಲ, ನೆಲದ ಮೇಲೂ ಬರುತ್ತದಲ್ಲ. ಇನ್ನೊಂದು, ಬೆರಳುದ್ದದ ಮರಿಯ ಬದಲು ಕಾಸು ಹೆಚ್ಚಾದರೂ ಐದಂಗುಲದ ಬಲಿತ ಮರಿ ತಂದೆ. 400 ಬಿಟ್ಟದ್ದಕ್ಕೆ 310 ಸಿಕ್ಕವು.

ಕೆಂಪು ಚೆಂಡು

ಇನ್ನು ತಪ್ಪಿನ ಕತೆ. ಗಾಳ ಕೈಗೆ ಹತ್ತಿದವನಿಗೆ ಹೊಂಡ ಸಾಲುವುದಿಲ್ಲ. ಕೆರೆಯ ಮೀನು ಹರಾಜು ಹಿಡಿದವರ ಒಪ್ಪಿಗೆ ಕೇಳಿ ಕೆರೆಗೂ ಹೋಗತೊಡಗಿದೆ. (ಕೇಳದೆ ಹೋಗಬೇಡಿ. ಅವರು ದುಡ್ಡು ಕಟ್ಟಿರುತ್ತಾರೆ.) 2024ರ ಆಗಸ್ಟ್, ಕೆರೆಗೆ ಹೊಸ ನೀರು ಬಂದು ತಿಂಗಳಾಗಿತ್ತು. ತೂಬಿನ ಪಕ್ಕ ಆಪಿನ ನಡುವೆ ನೀರಿನ ಮೇಲೆ ತುಂತುರು ಮಳೆ ಬಿದ್ದ ಹಾಗೆ ಚುಕ್ಕಿ ಚುಕ್ಕಿ ಏಳುತ್ತಿತ್ತು. ಮಳೆ ಇಲ್ಲ. ಬಗ್ಗಿ ನೋಡಿದರೆ ಕುಕ್ಕೆಯಷ್ಟು ಅಗಲದ ಒಂದು ಕೆಂಪು ಚೆಂಡು. ನೂರಾರು ಕೊರಮೀನಿನ ಮರಿ, ಒಂದೊಂದೂ ಅರ್ಧ ಅಂಗುಲ, ಕಿತ್ತಳೆ ಕೆಂಪು ಬಣ್ಣ, ಒಟ್ಟಿಗೆ ಮೇಲೆ ಬಂದು ಗಾಳಿ ನುಂಗಿ ಒಟ್ಟಿಗೆ ಇಳಿಯುತ್ತಿದ್ದವು.

ಅದರ ಮೇಲೆ ಕಪ್ಪೆ ಎಸೆದೆ. ಎರಡನೇ ಕುಪ್ಪಳಿಕೆಗೇ ಹೊಡೆಯಿತು. ಎಣಿಸುವುದೂ ಬೇಕಾಗಲಿಲ್ಲ. ಒಂದೂವರೆ ಕಿಲೋ. ಇಷ್ಟು ಸುಲಭವಾಗಿ ನನಗೆ ಯಾವತ್ತೂ ಮೀನು ಬಿದ್ದಿರಲಿಲ್ಲ. ಸಂಜೆ ಮತ್ತೆ ಹೋದೆ, ಜೋಡಿಯ ಇನ್ನೊಂದೂ ಬಿತ್ತು. ಎರಡಕ್ಕೂ ಸೇರಿ ಸಾವಿರದ ಮೇಲೆ ಬಂತು. ಹೆಮ್ಮೆಯಿಂದ ಮೀಸೆ ತಿರುವಿದೆ.

ಮಾರನೇ ಬೆಳಿಗ್ಗೆ ನೋಡಲು ಹೋದೆ. ಚೆಂಡು ಹರಿದು ನಾಲ್ಕು ಚೂರಾಗಿತ್ತು. ಜಿಲೇಬಿ ಮೀನು ಸುತ್ತುಗಟ್ಟಿ ಹೆಕ್ಕುತ್ತಿದ್ದವು, ಮೇಲಿಂದ ಮಿಂಚುಳ್ಳಿ. ಮೂರನೇ ದಿನ ಅಲ್ಲಿ ಏನೂ ಇರಲಿಲ್ಲ.

ಕೆರೆಯಲ್ಲಿ ಐವತ್ತು ವರ್ಷ ಬಲೆ ಹಾಕಿದ ಹಿರಿಯರೊಬ್ಬರು ಏರಿ ಮೇಲೆ ಕೂತಿದ್ದರು. ಹೇಳಿದೆ. "ಅದು ಹಸಿವಿಗೆ ಬಂದು ಕಚ್ಚಿದ್ದಲ್ಲ ಕಣಪ್ಪಾ. ಮಕ್ಕಳ ಮೇಲೆ ಕಪ್ಪೆ ಬಿತ್ತು ಅಂತ ಓಡ್ಸಕ್ಕೆ ಬಂದಿದ್ದು. ನಾವು ಬಲೆ ಹಾಕೋರೂ ಕೆಂಪು ಮರಿ ಕಂಡ್ರೆ ಆ ಕಡೆ ಬಲೆ ಬಿಡ್ತಿರ್ಲಿಲ್ಲ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ತಿಳಿದುಕೊಂಡೆ. ಹೊಸ ನೀರು ಬಂದಾಗ ಜೋಡಿ ಮೀನು ಗಿಡಗಳ ನಡುವೆ ತಟ್ಟೆಯಷ್ಟು ಜಾಗ ಬಯಲು ಮಾಡುತ್ತವೆ. ಮೊಟ್ಟೆ ನೀರಿನ ಮೇಲೆ ತೇಲುತ್ತವೆ, ಒಂದು ಒಂದೂವರೆ ದಿನದಲ್ಲಿ ಒಡೆಯುತ್ತವೆ. ಅಲ್ಲಿಂದ ಹೆಚ್ಚುಕಡಿಮೆ ಒಂದು ತಿಂಗಳು ತಂದೆತಾಯಿ ಮರಿಗಳ ಕೆಳಗೇ ಕಾವಲು. ಹತ್ತಿರ ಬಂದ ಹಾವು, ಮೀನು, ಕಪ್ಪೆ, ಮನುಷ್ಯನ ಕಾಲು, ಎಲ್ಲದಕ್ಕೂ ಹೊಡೆಯುತ್ತವೆ. ಗಾಳದವನಿಗೆ ಇದಕ್ಕಿಂತ ಸುಲಭದ ಕಾಲ ಇಲ್ಲ.

ಬಾಸ್ ಮೀನಿನದೂ ಇದೇ ಕತೆಯಂತೆ. ಅಲ್ಲಿ ಗಂಡು ಗೂಡು ಕಾಯುತ್ತದೆ. ಕೆನಡಾ ದೇಶದ ಒಂಟಾರಿಯೊದ ಹಲವು ಭಾಗಗಳಲ್ಲಿ ಜೂನ್ ಅರ್ಧ ಕಳೆಯುವ ತನಕ ಬಾಸ್ ಹಿಡಿಯುವುದಕ್ಕೆ ಕಾನೂನು ಬಿಡುವುದಿಲ್ಲ, ಮರಿ ಕಾಲ ಮುಗಿಯಲಿ ಅಂತ. ಹಿಡಿದು ಬಿಟ್ಟರೆ ಸರಿಯಲ್ಲವೇ ಅಂತ ಬೆಂಗಳೂರಿನ ಹುಡುಗರನ್ನು ಕೇಳಿದೆ. ಅವರಲ್ಲಿ ತಿಳಿದವನೊಬ್ಬ ತಲೆ ಅಲ್ಲಾಡಿಸಿದ. ಕಾವಲಿನ ಮೀನು ಕೈಯಲ್ಲಿರುವ ಆ ಹತ್ತು ನಿಮಿಷ ಸಾಕು, ಉಳಿದ ಮೀನುಗಳು ಮರಿ ನುಂಗಲು. ದಣಿದು ವಾಪಸು ಹೋದ ಮೀನು ಗೂಡನ್ನೇ ಬಿಟ್ಟುಬಿಡುವುದೂ ಉಂಟು. ಬಾಸ್ ವಿಷಯದಲ್ಲಿ ಇದನ್ನು ನೀರಿಗಿಳಿದು ನೋಡಿ ಲೆಕ್ಕ ಇಟ್ಟಿದ್ದಾರೆ.

ಹೊಂಡದಲ್ಲಿ ನಿನ್ನ ಮರಿ ತಿಂದ ಮೀನಿಗೆ ಕೆರೆಯಲ್ಲಿ ಯಾಕಯ್ಯ ಇಷ್ಟು ಮರುಕ ಅಂತ ನೀವು ಕೇಳಬಹುದು. ಹೊಂಡದಲ್ಲಿ ಅದು ಕಳ್ಳ, ಮರಿ ಇರಲಿ ಬಿಡಲಿ ಇವತ್ತೂ ಹಿಡಿಯುತ್ತೇನೆ. ಕೆರೆಯ ಲೆಕ್ಕ ಬೇರೆ. ಕಾಟ್ಲಾ, ರೋಹು ಮರಿಗಳನ್ನು ಪ್ರತಿ ವರ್ಷ ದುಡ್ಡು ಕೊಟ್ಟು ತಂದು ಬಿಡಬೇಕು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ಇಂಜೆಕ್ಷನ್ ಕೊಟ್ಟು ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ನಮಗೆ ಆ ಮರಿಗಳು ಇಷ್ಟು ಸಲೀಸಾಗಿ ಸಿಗುತ್ತಿರುವುದು. ನಮ್ಮ ಕೆರೆಗೆ ಕೊರಮೀನಿನ ಮರಿಯನ್ನು ಯಾರೂ ತಂದು ಬಿಟ್ಟಿಲ್ಲ. 2023ರ ಬರದಲ್ಲಿ ಕೆರೆಯ ನೀರು ಮೊಣಕಾಲಿಗೆ ಇಳಿದು ಕಾಟ್ಲಾ ಎಲ್ಲ ತೇಲಿದಾಗ, ಕೆಸರಿನಲ್ಲಿ ಕೈಯಾಡಿಸಿ ಕೂಲಿಯವರು ಸಾರಿಗೆ ತಂದದ್ದು ಕೊರಮೀನೇ. ಕೆಸರಿನಲ್ಲಿ ಉಳಿದ ನಾಲ್ಕಾರು ಜೋಡಿಯೇ 2024ರಲ್ಲಿ ಕೆರೆಗೆ ಬೀಜ. ಅದರಲ್ಲಿ ಒಂದು ಜೋಡಿಯನ್ನು ನಾನು ಸಾವಿರ ರೂಪಾಯಿಗೆ ಮಾರಿದೆ.

ಕಳೆದ ವರ್ಷ ಮುಂಗಾರು ಹಿಡಿಯುವ ಮೊದಲು ಹರಾಜು ಹಿಡಿದವರ ಹತ್ತಿರ ಮಾತಾಡಿದೆ. ಹೊಸ ನೀರು ಬಂದ ದಿನದಿಂದ ದೀಪಾವಳಿವರೆಗೆ ತೂಬಿನ ಕಡೆಯ ಆಪಿನಲ್ಲಿ ಗಾಳವೂ ಬೇಡ, ಬಲೆಯೂ ಬೇಡ ಅಂತ ಅವರು ಒಪ್ಪಿದರು. ಊರ ಹುಡುಗರಲ್ಲಿ ಇಬ್ಬರು ಕೇಳಲಿಲ್ಲ. ಅವರಿಗೆ ಚಪ್ಪಲಿ ಕಪ್ಪೆ ಮಾಡಲು ಕಲಿಸಿದವನೇ ನಾನು, ಜೋರು ಮಾಡಲು ಬಾಯಿ ಬರಲಿಲ್ಲ. ಬೆಂಗಳೂರಿನ ಹುಡುಗರು ಕಾರು ತಿರುಗಿಸಿಕೊಂಡು ತೂಬಿನಿಂದ ದೂರ, ಆಳದ ನೀರಿನ ಕಡೆಗೆ ಹೋಗಿ ಚಮಚ ಎಸೆದರು. ಸೆಪ್ಟೆಂಬರಿನಲ್ಲಿ ಏರಿ ಮೇಲಿನಿಂದ ಮೂರು ಕೆಂಪು ಚೆಂಡು ಎಣಿಸಿದೆ. ಒಂದು ವಾರ ಬಿಟ್ಟು ನೋಡಿದಾಗ ಎರಡು ಇದ್ದವು, ಮರಿಗಳ ಕೆಂಪು ಹೋಗಿ ಮೈ ಕಪ್ಪಾಗುತ್ತಿತ್ತು. ನನ್ನ ಕೋಲು ಅಷ್ಟು ದಿನವೂ ಅಟ್ಟದ ಮೇಲೆ, ರಾಗಿ ಮೂಟೆಯ ಹಿಂದೆ ಇತ್ತು.